ತನ್ವಿಯ ಕೆಂಪು ಮುಖ

ಜೂನ್ ೧೮, ಬುಧವಾರ. ಮೆಲ್ಲಗೆ ಮಾತಾಡಿ ರೆಕಾರ್ಡ್ ಮಾಡುತ್ತಿದ್ದೇನೆ, ಒಳಗೆ ಮಗಳು ತನ್ವಿ ಮಲಗಿದ್ದಾಳೆ.

ಮೀನಿನ ಬೋಟುಗಳಿಗೆ ಮಳೆಗಾಲದ ರಜೆ ಎಂದು ಗೋವಾದಿಂದ ನಾವುಂದದ ಮನೆಗೆ ಬಂದು ಎರಡು ವಾರವಾಯಿತು. ಮಗಳ ಮನಸ್ಸು ದಿನಾ ಹೇಗಿತ್ತೆಂದು ಹೆಂಡತಿ ಶರಣ್ಯಾ ಮೊಬೈಲಿನ ಆ್ಯಪಿನಲ್ಲಿ ಗುರುತು ಹಾಕುತ್ತಾಳೆ. ಇವತ್ತು ತೆಗೆದು ನೋಡಿದೆ. ಮೇ ತಿಂಗಳು ಪೂರ್ತಿ ಹಳದಿ ನಗುಮುಖ. ನಾನು ಬಂದಾಗಿನಿಂದ ಬರೀ ಕೆಂಪು, ಸಿಟ್ಟಿನ ಮುಖ.

ಅಮ್ಮನ ಪಕ್ಕ ಅವಳು ಮಲಗುವ ಜಾಗ ನಾನು ಹಿಡಿದೆನಲ್ಲ, ಅದಕ್ಕೇ ಇರಬೇಕು. ಚಾಪೆಯನ್ನು ಜಗಲಿಗೆ ತಂದೆ. ಬೇಗ ವಾಪಸ್ ಹೋಗುತ್ತೇನೆ, ಬಲೆ ರಿಪೇರಿ ಕೆಲಸವಾದರೂ ಸಿಗುತ್ತದೆ ಎಂದೆ.

ಶರಣ್ಯಾ ನಕ್ಕಳು. "ನಿಮ್ಗ್ ಮರ್ಲಾ, ತಲೆ ಸಮ ಇಲ್ಯಾ? ಇಷ್ಟ್ ದಿನ ಹಟ ಮಾಡುಕೆ ಅವ್ಳಿಗ್ ಯಾರಿದ್ರ್? ನಂಗ್ ಪುರ್ಸೊತ್ತಿಲ್ಲೆ ಅಂದ್ಕಂಡ್ ಅವ್ಳಿಗ್ ಗೊತ್ತಿತ್ತ್. ಈಗ್ ನೀವ್ ಸಿಕ್ರಿ."

ಮೂರು ವರ್ಷದ ಮಗು ಅಷ್ಟು ದಿನ ಹಟವನ್ನೆಲ್ಲ ನುಂಗಿಕೊಂಡು ನಗುತ್ತಾ ಇತ್ತೇ? ಈಗ ಆ ಹಳದಿ ಮುಖಗಳನ್ನೇ ನೋಡಲಾಗುವುದಿಲ್ಲ.

ಬಾಗಿಲ ಸದ್ದು. ತನ್ವಿ ದಿಂಬು ಎಳೆದುಕೊಂಡು ಬಂದಿದ್ದಾಳೆ. ಮುಖ ಇನ್ನೂ ಊದಿಕೊಂಡೇ ಇದೆ.

"ಅಪ್ಪಯ್ಯ, ಆಚಿಗ್ ಸರಿ."

ಸರಿದೆ. ಅವಳ ಕಾಲು ನನ್ನ ಹೊಟ್ಟೆಯ ಮೇಲೆ. ಇನ್ನು ಮಾತಾಡಿದರೆ ನಾಳೆಯೂ ಕೆಂಪು...