ಸರಿಯಾಗಿ ಸಾವಿರ ಚದರ ಮೀಟರ್

ಸೋಮವಾರ, 4

ನಗರಸಭೆ ಒಂಬತ್ತು ಮನೆಗಳನ್ನು ಕದ್ದಿದೆ. ಹಾಡಹಗಲೇ, ಕಾಗದದ ಮೇಲೆ.

ಎರಡನೇ ಪೀರಿಯಡ್, ಏಳನೇ ತರಗತಿ, ತ್ರಿಭುಜದ ವಿಸ್ತೀರ್ಣ. ಎಂದಿನಂತೆ ಊರಿನ ನಕ್ಷೆಯನ್ನು ಗೋಡೆಗೆ ತೂಗುಹಾಕುತ್ತಿದ್ದೆ. ಮೊದಲ ಬೆಂಚಿನ ಪುಟ್ಟ ಹುಡುಗಿ ಗುಬ್ಬಿ ಒಂದು ಕಾಗದ ಹಿಡಿದು ಬಂದಳು. “ಮಿಸ್, ಅಜ್ಜಿ ಓದಿಸ್ಕೊಂಡು ಬಾ ಅಂದ್ರು.”

ನೋಟಿಸು. ಎರಡು ರಸ್ತೆಗಳ ನಡುವಿನ ತ್ರಿಕೋನ ಜಾಗ ಖಾಲಿ ಇದೆ, ಅಲ್ಲಿ ವಾಹನ ನಿಲ್ದಾಣ ಬರಲಿದೆ. ಆಕ್ಷೇಪಣೆ ಇದ್ದವರಿಗೆ ಹದಿನಾಲ್ಕರ ಗುರುವಾರ ವಿಚಾರಣೆ.

ಖಾಲಿಯಂತೆ! ಗುಬ್ಬಿಯ ಗಲ್ಲಿ, ಅದರ ಒಂಬತ್ತು ಮನೆ ಇರುವುದೇ ಅಲ್ಲಿ.

ನಕ್ಷೆ ಆಳುವವರ ಆಯುಧ — ಹೋರಾಟದ ಕರಪತ್ರವೊಂದರಲ್ಲಿ ಓದಿ ಕೆಂಪು ಗೆರೆ ಎಳೆದಿದ್ದೆ. ಈಗ ಕಣ್ಣಾರೆ ಕಂಡೆ.

ಮಂಗಳವಾರ, 5

ಗಲ್ಲಿಗೆ ಹೋದೆ. ಗುಬ್ಬಿಯ ಅಜ್ಜಿ ಹೊಸ್ತಿಲ ಬಳಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದರು. ಶೋಷಣೆ, ಹೋರಾಟ... ಅರ್ಧ ಗಂಟೆ ಭಾಷಣ ಬಿಗಿದೆ.

“ಕೂತ್ಕೊಳಮ್ಮ. ನಿಂತ್ಕೊಂಡು ಕೂಗಿದ್ರೆ ಗಂಟ್ಲು ಬೇಗ ಒಣಗುತ್ತೆ.” ದಾರ ಕಚ್ಚಿ ಕತ್ತರಿಸಿದರು. “ಅಲ್ಲ ತಾಯಿ, ನಾವು ಇಲ್ಲ ಅಂತ ಬರೆದೋರು ಒಂದ್ಸಲ ಬಂದು ನೋಡ್ಬಾರ್ದಿತ್ತಾ?”

ಆ ಮಾತು ಬೆನ್ನು ಬಿಡುತ್ತಿಲ್ಲ.

ಶುಕ್ರವಾರ, 8

ನಗರಸಭೆಯಲ್ಲಿ ಗುಮಾಸ್ತರ ಮೇಜು ಗುದ್ದಿದೆ. ಆತ ನಕ್ಕರು. “ಯಾಕೆ ಮೇಡಂ ಹಾರಾಡ್ತೀರಾ? ಫೈಲೇ ನೋಡಿ. ಸಾವಿರ ಚದರ ಮೀಟರ್, ಸರಿಯಾಗಿ.”

ಸರಿಯಾಗಿ ಸಾವಿರ. ನಿಜವಾದ ನೆಲ ಇಷ್ಟು ಅಚ್ಚುಕಟ್ಟಾಗಿ ಲೆಕ್ಕಕ್ಕೆ ಸಿಗುವುದಿಲ್ಲ. ಸಿಗುವುದು ಕರಿಹಲಗೆಯ ಮೇಲೆ ಮಾತ್ರ. ಪಾದ ಐವತ್ತು, ಎತ್ತರ ನಲವತ್ತು, ಅದರ ಅರ್ಧ —

ಪುಟ ತಿರುಗಿಸಿದೆ. ನನ್ನ ನಕ್ಷೆ. ನನ್ನದೇ ಕೈಬರಹ.

“ನಿಮ್ ಸ್ಕೂಲ್ ಪ್ರದರ್ಶನದ್ದೇ ಅಲ್ವಾ? ನಮ್ ನಕ್ಷೆ ಮಡಿಸಿದ ಕಡೆ ಹರಿದುಹೋಗಿತ್ತು. ನಿಮ್ದು ನೀಟಾಗಿತ್ತು, ಫೋಟೋ ಹೊಡ್ಕೊಂಡೆ.”

ಕಳೆದ ವರ್ಷ ನಾನೇ ಬರೆದದ್ದು. ಗಲ್ಲಿ ಡೊಂಕು. ಮಕ್ಕಳಿಗೆ ತ್ರಿಭುಜ ಸ್ಪಷ್ಟವಾಗಿ ಕಾಣಲಿ ಎಂದು ಅದನ್ನು ಬಿಟ್ಟೆ. ಉತ್ತರ ಸುಲಭವಾಗಲಿ ಎಂದು ರಸ್ತೆಗಳನ್ನು ನೆಟ್ಟಗೆ ಎಳೆದೆ.

ಭಾನುವಾರ, 10

ಕಿಟಕಿಯ ಬಿಸಿಲು ನೆಲದ ಮೇಲೆ ತ್ರಿಕೋನವಾಗಿ ಬೀಳುತ್ತದೆ. ಮಡಿಸಿದ ಕರವಸ್ತ್ರವೂ ತ್ರಿಕೋನ. ಎಲ್ಲದರೊಳಗೂ ಯಾರೋ ಕೂತು ಗುಂಡಿ ಹೊಲಿಯುತ್ತಿದ್ದಾರೆ.

ಶಾಲೆಗೆ ಹೋಗಿ ಬೀಗ ತೆಗೆಸಿ ನಕ್ಷೆ ನೋಡಿದೆ. ಕಳೆದ ವರ್ಷ ವೃತ್ತದ ಪಾಠಕ್ಕೆ “ನಿಮ್ಮ ಮನೆಯ ಮೇಲೆ ಕೈವಾರದ ಮುಳ್ಳು ಇಡಿ” ಎಂದಿದ್ದೆ. ಗುಬ್ಬಿ ಆ ಬಿಳಿ ಜಾಗದ ಮುಂದೆ ಸುಮ್ಮನೆ ನಿಂತಿದ್ದಳು. “ಅಂದಾಜಿಗೆ ಎಲ್ಲಾದರೂ ಚುಚ್ಚು, ಹೊತ್ತಾಯ್ತು” ಎಂದೆ.

ಚುಚ್ಚಿದ ತೂತು ಇನ್ನೂ ಇದೆ. ಬೆರಳಿಟ್ಟೆ. ಆ ಕಡೆಯಿಂದ ಗಾಳಿ ಬಂದ ಹಾಗಾಯಿತು... ಗೋಡೆಯಿಂದ ಎಲ್ಲಿಯ ಗಾಳಿ?

ಮಂಗಳವಾರ, 12. ಸಂಜೆ ಆರು

ಬೆಳಿಗ್ಗೆ ತರಗತಿಯಲ್ಲಿ ಎಲ್ಲ ಹೇಳಿಬಿಟ್ಟೆ. ಗುಬ್ಬಿ ಎದ್ದಳು. “ಡೊಂಕು ಜಾಗಾನ ಚೂರು ಚೂರು ತ್ರಿಭುಜ ಮಾಡಿ ಅಳೀಬಹುದು ಅಂತ ನೀವೇ ಹೇಳಿದ್ರಲ್ಲಾ ಮಿಸ್?”

ಮಧ್ಯಾಹ್ನ ಹಗ್ಗ ಹಿಡಿದು ಹೊರಟೆವು. ಹದಿನಾಲ್ಕು ತ್ರಿಭುಜ. ಒಂಬತ್ತು ಮನೆ, ಒಂದು ನಲ್ಲಿ. ಸಾವಿರದ ನೂರ ಅರವತ್ತಮೂರು ಚದರ ಮೀಟರ್. ಇದು ನೆಲದ ಸಂಖ್ಯೆ.

ಹೆಡ್‌ಮಾಸ್ಟರ್ ಕರೆಸಿದರು. “ತಪ್ಪು ನಂದು ಅಂತ ನಗರಸಭೆಗೆ ಬರೆದು ಕೊಟ್ರೆ ಈ ಕೆಲಸ ಉಳಿಯಲ್ಲಮ್ಮ. ಯೋಚ್ನೆ ಮಾಡು.” ಬರೆದು ಕೊಡದಿದ್ದರೆ ಫೈಲಿನಲ್ಲಿ ನನ್ನ ನಕ್ಷೆಯೇ ಸತ್ಯ.

ಬರೆದೆ. ಸಹಿ ಹಾಕಿದೆ. ಇಂಥದ್ದನ್ನು ಹೇಗೆ ಬರೆಯಬೇಕೆಂದು ಯಾವ ಕರಪತ್ರದಲ್ಲೂ ಇಲ್ಲ.

ಕೊನೆಗೆ ಅಜ್ಜಿಯ ಹೊಸ್ತಿಲು. ಈ ಸಲ ಕೂತುಕೊಂಡೆ. “ಆ ಗೆರೆ ಎಳೆದವಳು ನಾನೇ...”

ಸೂಜಿ ನಿಂತಿತು. ಅಜ್ಜಿ ಅಂಗಿಯಿಂದ ಕಣ್ಣೆತ್ತಲಿಲ್ಲ.

“ಹಾಗಾದ್ರೆ ವಿಚಾರಣೆಗೆ ನೀನೇ ಬಂದು ನಮ್ಮನ್ನ ಕರ್ಕೊಂಡು ಹೋಗು. ಅವ್ರ ಮುಂದೆ ನಮ್ಮನೆ ಎಲ್ಲಿದೆ ಅಂತ ನೀನೇ ಬೆರಳಿಟ್ಟು ತೋರ್ಸು.”

ಗುರುವಾರ. ಬೆಳಿಗ್ಗೆ ಒಂಬತ್ತೂವರೆ. ಗಲ್ಲಿಯ ನಲ್ಲಿಯ ಹತ್ತಿರ ಸೇರುವುದು, ಅಲ್ಲಿಂದ ವಿಚಾರಣೆಗೆ.