ಬೆಕ್ಕಿಗೂ ಹಂಚಿದ ಕಿಲೋಮೀಟರು

ಪುಟ್ಟಾ,

ಕಾರು ತಗೊಂಡು ಡ್ಯೂಟಿಗೆ ಹೊರಟಿದೀನಿ. ಕಾರು ಕೊಳ್ಳೋಕೆ ನೀನು ಗೊತ್ತು ಮಾಡಿರೋ ಗಿರಾಕಿ ಬಂದರೆ ಟೀ ಕೊಟ್ಟು ಕಳಿಸು. ಹಾಲು ಒಲೆ ಮೇಲಿದೆ, ಫೋನ್ ನೋಡ್ತಾ ಉಕ್ಕಿಸಬೇಡ.

ನಿನ್ನೆ ಊಟಕ್ಕೆ ಕೂತಾಗ ದೊಡ್ಡ ಮನುಷ್ಯನ ಹಾಗೆ ಲೆಕ್ಕ ಒಪ್ಪಿಸಿದೆಯಲ್ಲ: "ಅರವತ್ತು ಸಾವಿರ ಕಿಲೋಮೀಟರು, ಹನ್ನೆರಡು ವರ್ಷ. ವರ್ಷಕ್ಕೆ ಬರೀ ಐದು ಸಾವಿರ ಕಣಮ್ಮಾ, ಇಷ್ಟಕ್ಕೆ ಕಾರು ಯಾಕೆ?" ಭಾಗಾಕಾರ ಸರಿಯಾಗೇ ಇದೆ. ಆದರೆ ನಿಮ್ಮಪ್ಪ ಹೋದ ಮೇಲೆ ಎಂಟು ವರ್ಷ ಆ ಕಾರು ಕವರ್ ಹೊದ್ದು ಶೆಡ್ಡಲ್ಲೇ ನಿಂತಿತ್ತು. ಅದರ ಮೇಲೆ ಬೆಕ್ಕು ಮರಿ ಹಾಕ್ತಿತ್ತು. ನನ್ನ ಓಡಾಟವನ್ನ ಆ ಬೆಕ್ಕಿಗೂ ಹಂಚಿಬಿಟ್ಟೆಯಲ್ಲೋ!

ನಿಮ್ಮಪ್ಪ ಮೊದಲ ಎರಡು ವರ್ಷ ಓಡಿಸಿದ್ದು ಇಪ್ಪತ್ತನಾಲ್ಕು ಸಾವಿರ. ಉಳಿದ ಮೂವತ್ತಾರು ಸಾವಿರ ನಾನು ಡ್ರೈವಿಂಗ್ ಕಲಿತ ಮೇಲಿನದು, ಈಚಿನ ಎರಡೇ ವರ್ಷದ್ದು. ಅಂದರೆ ವರ್ಷಕ್ಕೆ ಹದಿನೆಂಟು ಸಾವಿರ. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಡ್ರೆಸಿಂಗ್ ಮಾಡೋ ನರ್ಸು ನಾನು. ಬಸ್ಸಿಗೆ ಕಾಯ್ತಾ ನಿಂತರೆ ಅವರ ಗಾಯ ನನಗೋಸ್ಕರ ಕಾಯತ್ತಾ?

"ಈ ವಯಸ್ಸಲ್ಲಿ ಯಾಕಮ್ಮಾ" ಅನ್ನೋ ಮಾತು ಇನ್ನೊಂದು ಸಲ ಬಂದರೆ ನಿನ್ನ ಬಟ್ಟೆಗೆ ನೀನೇ ಇಸ್ತ್ರಿ ಹಾಕ್ಕೋ. ಇವತ್ತಿನ ಶರ್ಟು ಮಾತ್ರ ಕುರ್ಚಿ ಮೇಲಿದೆ.

ಇನ್ನೊಂದು ಕೀ ಹುಡುಕಬೇಡ, ಅದೂ ನನ್ನ ಬ್ಯಾಗಲ್ಲಿದೆ. ಗಿರಾಕಿ ಹಠ ಹಿಡಿದರೆ ಶೆಡ್ಡಿಗೆ ಕರ್ಕೊಂಡು ಹೋಗಿ ಆ ಕವರ್ ತೋರಿಸು. ಬೇಕಾದರೆ ತಗೊಂಡು ಹೋಗಲಿ. ಅದನ್ನ ಹೊದ್ದು ಕೂರೋರು ಈ ಮನೇಲಿ ಇನ್ನು ಯಾರೂ ಇಲ್ಲ.

ಅಮ್ಮ