ತಪ್ಪಿ ತಂದ ಬಿಳಿ ಹೊದಿಕೆ

ಚಿಕ್ಕಮ್ಮ,

ಬಿಳಿ ಹೊದಿಕೆಗಾಗಿ ಮನೆಯೆಲ್ಲ ಜಾಲಾಡಬೇಡಿ, ಅದು ನನ್ನ ಹತ್ತಿರ ಇದೆ. ಪತಂಗ ನೋಡುವ ಶಿಬಿರಕ್ಕೆ ಬರುವವರು ಒಂದು ಬಿಳಿ ಬಟ್ಟೆ ತರಬೇಕು ಎಂದಿದ್ದರು, ಹಳೆಯದೆಂದು ಚೀಲಕ್ಕೆ ತುರುಕಿಕೊಂಡೆ. ತಂಗಿಗೆ ಹುಟ್ಟುವ ಮಗುವಿಗೆಂದು ನೀವು ಒಗೆದೊಗೆದು ಮೆತ್ತಗೆ ಮಾಡಿಟ್ಟದ್ದು ಅದೇ ಎಂದು ತಿಳಿದದ್ದು, ಇಲ್ಲಿ ಅಂಗಳದಲ್ಲಿ ಕಟ್ಟಿ, ಪತಂಗಗಳು ಬಂದು ಕೂರಲೆಂದು ಹಿಂದೆ ದೀಪ ಹಚ್ಚಿದಾಗ. ಮೂಲೆಯಲ್ಲಿ ನಿಮ್ಮ ಕೆಂಪು ದಾರದ ಗುರುತು ಕಂಡಿತು.

ಬಿಚ್ಚೋಣವೆಂದರೆ, ಅಂಗೈಯಗಲದ ಹಸಿರು ಪತಂಗವೊಂದು ಗುರುತಿನ ಪಕ್ಕದಲ್ಲೇ ಕೂತು ಸಾಸಿವೆಯಂಥ ಮೊಟ್ಟೆ ಇಡತೊಡಗಿತ್ತು. ನಮ್ಮನ್ನು ಕರೆತಂದ ಮೇಡಂ ನನ್ನ ಕೈ ಹಿಡಿದರು. “ಹೆರೋ ಹೊತ್ತಲ್ಲಿ ಎಬ್ಬಿಸ್ತೀರೇನ್ರೀ? ಸುಮ್ನೆ ಕೂತ್ಕೊಳ್ಳಿ.” ಬೆವರು ಒರೆಸಿಕೊಳ್ಳುತ್ತ ಕೂತೆ. ಮಾಡಿದ್ದು ಸರಿಯೋ ಅಲ್ಲವೋ, ಈಗಲೂ ಅನುಮಾನ.

ಮೊಟ್ಟೆ ಒಡೆಯಲು ವಾರ ಬೇಕಂತೆ. ತಂಗಿಗೆ ಇನ್ನೂ ತಿಂಗಳಿದೆಯಲ್ಲ, ಅಷ್ಟರಲ್ಲಿ ಒಗೆದು ತರುತ್ತೇನೆ. ನನ್ನ ಕೆಮ್ಮು ಹೋಗಿದೆ. ಅಂಚೆಯವರು ಗೇಟಿನಲ್ಲಿ ಕಾಯುತ್ತಿದ್ದಾರೆ. ತಂಗಿ ಹೆದರಿ ಕೂತಿದ್ದಾಳಲ್ಲ, ಅವಳಿಗೆ ಹೇಳಿ: ಆ ಹೊದಿಕೆಯ ಮೇಲೆ ಒಂದು ಹೆರಿಗೆ ಆಗಲೇ ಸುಸೂತ್ರವಾಗಿ ಆಗಿದೆ.

ನಿಮ್ಮ ದೊಡ್ಡ ಮಗಳು